ಸ್ಟೂಡೆಂಟ್ ಡಾಕ್ಯುಮೆಂಟರಿಗೆ ಹಿರಿಯರೊಬ್ಬರ ಇಂಟರ್ವ್ಯೂ ಶೂಟ್ ಮಾಡ್ಬೇಕು, ಕ್ಯಾಮೆರಾ ಆನ್ ಆದ್ರೆ ಮಾತೇ ನಿಂತೋಗತ್ತೆ, ಏನ್ ಮಾಡೋದು?

ಫೈನಲ್_ಇಯರ್

ಎಲ್ರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರ್ಕೊಂಡು ಕಾಲೇಜ್ ಪ್ರಾಜೆಕ್ಟ್‌ಗೆ ಒಂದು ಹತ್ತು ನಿಮಿಷದ ಡಾಕ್ಯುಮೆಂಟರಿ ಮಾಡ್ತಿದೀವಿ. ಜೀವನಪೂರ್ತಿ ರೇಡಿಯೋ ರಿಪೇರಿ ಮಾಡ್ಕೊಂಡು ಬಂದ ಹಿರಿಯರೊಬ್ಬರ ಬಗ್ಗೆ. ಈಗ ಎಪ್ಪತ್ತು ದಾಟಿದೆ, ಅಂಗಡಿ ಮುಚ್ಚಿದಾರೆ, ಆದ್ರೆ ಮನೇಲಿ ಒಂದು ರೂಮ್ ತುಂಬ ವಾಲ್ವ್ ಸೆಟ್ಟು (ಗಾಜಿನ ವಾಲ್ವ್ ಇರೋ ಹಳೇ ರೇಡಿಯೋ), ಟ್ರಾನ್ಸಿಸ್ಟರು, ಸಾಲ್ಡರಿಂಗ್ ಐರನ್ನು, ಡಬ್ಬಿ ಡಬ್ಬಿ ಬಿಡಿಭಾಗ ಎಲ್ಲ ಹಾಗೇ ಇದೆ. ಸುಮ್ನೆ ಕೂತು ಮಾತಾಡಿದ್ರೆ ತಾತ ಎಷ್ಟು ಚೆನ್ನಾಗಿ ಹೇಳ್ತಾರೆ ಅಂದ್ರೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ. ಫೋನ್ ಎತ್ತಿ ರೆಕಾರ್ಡ್ ಒತ್ತಿದ್ರೆ ಸಾಕು, ನೆಟ್ಟಗೆ ಕೂತ್ಬಿಡ್ತಾರೆ, ಆಮೇಲೆ ಎಲ್ಲದಕ್ಕೂ "ಹೂಂ", "ಇಲ್ಲ", "ಆಗ ಹಾಗೇ ಇತ್ತು", ಅಷ್ಟೇ.

ನಮ್ಮತ್ರ ಇರೋದು ಕಾಲೇಜಿನ ಒಂದು ಡಿಎಸ್‌ಎಲ್‌ಆರ್, ಕಿಟ್ ಲೆನ್ಸು, ಒಂದು 50 ಎಂಎಂ ಲೆನ್ಸು, ಟ್ರೈಪಾಡು, ವೈರ್ ಇರೋ ಒಂದು ಕಾಲರ್ ಮೈಕು, ಮತ್ತೆ ಎಲ್ರ ಫೋನು. ಲೈಟ್ ಇಲ್ಲ. ಫೋನಲ್ಲಿ ಟೆಸ್ಟ್ ಮಾಡಿದ್ದನ್ನ ಕೇಳಿದ್ರೆ ಮಾತು ಎಲ್ಲೋ ಬಾವಿ ಒಳಗಿಂದ ಬಂದಂಗಿದೆ, ಫ್ಯಾನ್ ಸೌಂಡ್ ಬೇರೆ.

ಇನ್ನೊಂದು ವಿಷಯ, ಇದೇ ನನಗೆ ಜಾಸ್ತಿ ತಲೆ ತಿಂತಿರೋದು. ಅಂಗಡಿ ಶುರು ಮಾಡಿದ್ದು ತಾತ ಮತ್ತೆ ಅವರ ತಮ್ಮ ಸೇರಿ. ತಮ್ಮ ಈಗಿಲ್ಲ. ಮಾತಿನ ಮಧ್ಯೆ ಆ ಹೆಸರು ಬಂದಾಗೆಲ್ಲ ತಾತ ಸುಮ್ನಾಗ್ತಾರೆ. ನಮ್ಮ ಫಿಲಂನ ಮುಖ್ಯ ಕತೆ ಅದೇ ಅಂತ ನಮ್ಮ ಟೀಮ್‌ನವರಿಗೆ ಅನ್ಸಿದೆ. ಅದನ್ನ ಕ್ಯಾಮೆರಾ ಮುಂದೆ ಕೇಳ್ಬಹುದಾ? ಕೇಳೋದಾದ್ರೆ ಹೇಗೆ? ಅನುಭವ ಇರೋರು ದಯವಿಟ್ಟು ಹೇಳಿ.

ಬೂಮ್‌ಪೋಲ್

ಸೌಂಡಿಂದ ಶುರು ಮಾಡ್ತೀನಿ, ಯಾಕಂದ್ರೆ ಪಿಕ್ಚರ್ ಸ್ವಲ್ಪ ಮಂಕಾಗಿದ್ರೂ ಜನ ಕೂತು ನೋಡ್ತಾರೆ, ಮಾತು ಕೇಳಿಸ್ಲಿಲ್ಲ ಅಂದ್ರೆ ಎದ್ದು ಹೋಗ್ತಾರೆ.

ನಿಮ್ಮ ಟೆಸ್ಟಲ್ಲಿ ಆಗಿರೋದು ದೂರದ ಸಮಸ್ಯೆ, ಮೈಕ್ ಕ್ವಾಲಿಟಿ ಸಮಸ್ಯೆ ಅಲ್ಲ. ಬಾಯಿಂದ ಮೈಕಿಗೆ ಇರೋ ದೂರ ಡಬಲ್ ಆದ್ರೆ ನೇರವಾಗಿ ಬರೋ ದನಿ ಸುಮಾರು 6 ಡಿಬಿ (ಡೆಸಿಬಲ್, ಸದ್ದಿನ ಅಳತೆ) ಕಮ್ಮಿ ಆಗತ್ತೆ. ಎರಡು ಮೀಟರ್ ದೂರದಲ್ಲಿರೋ ಫೋನಿಗೂ ಎದೆ ಮೇಲೆ 20 ಸೆಂಟಿಮೀಟರ್ ದೂರದಲ್ಲಿರೋ ಕಾಲರ್ ಮೈಕಿಗೂ ಲೆಕ್ಕ ಹಾಕಿದ್ರೆ 20 ಡಿಬಿ ವ್ಯತ್ಯಾಸ. ಆದ್ರೆ ಫ್ಯಾನು, ಗೋಡೆಗೆ ಬಡಿದು ಬರೋ ಎಕೋ ಇವು ರೂಮಲ್ಲಿ ಎಲ್ಲಿಟ್ರೂ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಅದಕ್ಕೇ ಮೈಕ್ ದೂರ ಹೋದಷ್ಟೂ ಮಾತು ಅದರಲ್ಲಿ ಮುಳುಗೋದು. ಕಾಸ್ಟ್ಲಿ ಮೈಕ್ ದೂರ ಇಡೋದಕ್ಕಿಂತ ಸಾಧಾರಣ ಮೈಕ್ ಹತ್ರ ಇಡೋದೇ ಮೇಲು.

ಕಾಲರ್ ಮೈಕನ್ನ ಕಾಲರಿಗೆ ಹಾಕ್ಬೇಡಿ. ಗಲ್ಲದಿಂದ ಒಂದು ಗೇಣು ಕೆಳಗೆ, ಎದೆ ಮಧ್ಯೆ, ಎರಡು ಗುಂಡಿ ನಡುವೆ ಸಿಕ್ಸಿ. ತೀರಾ ಮೇಲೆ ಹಾಕಿದ್ರೆ ಗಲ್ಲ ಅಡ್ಡ ಬಂದು ದನಿ ಮುಚ್ಚಿದಂಗೆ ಬರತ್ತೆ. ವೈರನ್ನ ಮೈಕಿನ ಕೆಳಗೆ ಒಂದು ಸಣ್ಣ ಸುತ್ತು ಹಾಕಿ ಬಟ್ಟೆ ಒಳಗಡೆ ಟೇಪ್ ಹಚ್ಚಿ, ಆಗ ಅವರು ಕೈ ಆಡಿಸಿದ್ರೂ ಎಳೆತ ಮೈಕಿಗೆ ತಾಗಲ್ಲ. ಮೆತ್ತಗಿರೋ ಹಳೇ ಕಾಟನ್ ಶರ್ಟ್ ಹಾಕ್ಕೊಳ್ಳೋಕೆ ಹೇಳಿ, ಗಂಜಿ ಹಾಕಿ ಇಸ್ತ್ರಿ ಮಾಡಿದ್ದು ಸರಸರ ಅನ್ನತ್ತೆ. ಪಿನ್ ನೋಡ್ಕೊಳ್ಳಿ, ಮೂರು ಕಪ್ಪು ಗೆರೆ ಇದ್ರೆ ಅದು ಫೋನಿಗೆ ಮಾಡಿರೋದು, ಎರಡು ಗೆರೆ ಇದ್ರೆ ಕ್ಯಾಮೆರಾಗೆ. ಫೋನ್ ಟೈಪ್ ಆಗಿದ್ರೆ ಒಂದು ಫೋನನ್ನ ಏರ್‌ಪ್ಲೇನ್ ಮೋಡಿಗೆ ಹಾಕಿ, ರೆಕಾರ್ಡರ್ ಆನ್ ಮಾಡಿ ತಾತನ ಜೇಬಲ್ಲೇ ಇಟ್ಬಿಡಿ. ಕ್ಯಾಮೆರಾದ ಸ್ವಂತ ಮೈಕೂ ಆನ್ ಇರ್ಲಿ, ಶುರುವಿಗೆ ಒಂದು ಚಪ್ಪಾಳೆ ಹೊಡೀರಿ, ಎಡಿಟಿಂಗಲ್ಲಿ ಎರಡನ್ನೂ ಆ ಚಪ್ಪಾಳೆ ಮೇಲೆ ಕೂರಿಸ್ಬಹುದು. ಲೆವೆಲ್ ಕೈಯಲ್ಲಿ ಸೆಟ್ ಮಾಡೋಕಾದ್ರೆ ಜೋರು ಮಾತು ಮೈನಸ್ 12 ಡಿಬಿ ಹತ್ರ ಬರೋ ಹಾಗೆ ಇಡಿ. ಆಟೋದಲ್ಲಿ ಬಿಟ್ರೆ ಅವರು ಸುಮ್ನಾದಾಗೆಲ್ಲ ಹಿಂದಿನ ಗದ್ದಲ ಮೇಲೆದ್ದು ಬರತ್ತೆ, ನಿಮ್ಮ ತಾತ ಸುಮ್ನಾಗೋ ಜಾಗಗಳೇ ನಿಮಗೆ ಮುಖ್ಯ ಅಲ್ವಾ.

ಫ್ಯಾನ್ ಆಫ್. ಗೋಡೆ ಗಡಿಯಾರ ಹೊರಗೆ. ಫ್ರಿಡ್ಜ್ ಸೌಂಡ್ ಬರ್ತಿದ್ರೆ ಅದನ್ನೂ ಆಫ್ ಮಾಡಿ ನಿಮ್ಮ ಗಾಡಿ ಕೀನ ಅದರೊಳಗೇ ಇಡಿ, ಹೋಗುವಾಗ ಆನ್ ಮಾಡೋದು ಮರೆಯಲ್ಲ. ಎಕೋಗೆ ಫ್ರೇಮಿನ ಹೊರಗೆ ಹಾಸಿಗೆ, ಕಂಬಳಿ, ದಪ್ಪ ಪರದೆ ಏನಿದ್ಯೋ ಎಲ್ಲ ಹಾಕಿ. ಕೊನೇಲಿ ಎಲ್ರೂ ಉಸಿರು ಬಿಗಿಹಿಡಿದು ಒಂದು ನಿಮಿಷ ಖಾಲಿ ರೂಮಿನ ಸೌಂಡ್ ರೆಕಾರ್ಡ್ ಮಾಡ್ಕೊಳ್ಳಿ, ಕಟ್ ಮುಚ್ಚೋಕೆ ಅದು ಬೇಕೇ ಬೇಕು. ಮತ್ತೆ ಮುಖ್ಯವಾದ್ದು, ನಿಮ್ಮಲ್ಲಿ ಒಬ್ರಿಗೆ ಸೌಂಡ್ ಬಿಟ್ಟು ಬೇರೆ ಕೆಲಸ ಇರ್ಬಾರ್ದು. ಶುರುವಿಗೆ ಮತ್ತೆ ಪ್ರತಿ ಬ್ರೇಕಲ್ಲೂ ರೆಕಾರ್ಡ್ ಆಗಿದ್ದನ್ನ ಹೆಡ್‌ಫೋನಲ್ಲಿ ವಾಪಸ್ ಕೇಳಿ ನೋಡ್ಬೇಕು.

ಇಂಟರ್ವ್ಯೂ ನಡೀತಿರುವಾಗ ಹಿನ್ನೆಲೆಲಿ ರೇಡಿಯೋ ಓಡಿಸ್ಬೇಡಿ, ಮಾತಿನ ಕೆಳಗೆ ಹಾಡು ಹೋಗ್ತಿದ್ರೆ ಎಲ್ಲೂ ಕತ್ತರಿಸೋಕಾಗಲ್ಲ. ರೇಡಿಯೋ ಸೌಂಡನ್ನ ಬೇರೆಯಾಗಿ ತಗೊಳ್ಳಿ. ಸ್ವಿಚ್ಚಿನ ಟಕ್, ವಾಲ್ವ್ ಬಿಸಿಯಾಗೋ ತನಕ ಇರೋ ಮೌನ, ಆಮೇಲೆ ನಿಧಾನಕ್ಕೆ ಏಳೋ ಗುಂಯ್, ಮುಳ್ಳು ತಿರುಗಿಸುವಾಗ ಬರೋ ಕೊರಕೊರ. ಅದೇ ನಿಮ್ಮ ಫಿಲಂ ಮ್ಯೂಸಿಕ್ ಆಗ್ಬಹುದು.

ಲೆನ್ಸ್‌ಕ್ಯಾಪ್

ಲೈಟ್ ಇಲ್ದಿದ್ರೂ ಚಿಂತೆ ಬೇಡ, ಕಿಟಕಿ ಇದ್ಯಲ್ಲ. ತಾತನ್ನ ಕಿಟಕಿಗೆ ಬೆನ್ನು ಹಾಕಿ ಮಾತ್ರ ಕೂರಿಸ್ಬೇಡಿ, ಮುಖ ಕಪ್ಪಾಗತ್ತೆ. ಕಿಟಕಿ ಅವರ ಒಂದು ಪಕ್ಕಕ್ಕೆ ಸ್ವಲ್ಪ ಮುಂದೆ ಬರ್ಲಿ, ಇನ್ನೊಂದು ಪಕ್ಕ ಜಾಸ್ತಿ ನೆರಳಾದ್ರೆ ಬಿಳಿ ಥರ್ಮಾಕೋಲ್ ಶೀಟ್ ಹಿಡೀರಿ. ರೂಮ್ ಲೈಟ್ ಆಫ್ ಮಾಡಿ, ಬೆಳಕಿನ ಬಣ್ಣದ ಅಳತೇಲಿ ಬಿಸಿಲು 5600 ಕೆಲ್ವಿನ್ ಹತ್ರ, ಹಳದಿ ಬಲ್ಬು 3200 ಹತ್ರ, ಎರಡೂ ಒಟ್ಟಿಗೆ ಮುಖದ ಮೇಲೆ ಬಿದ್ರೆ ಆಮೇಲೆ ಕಲರ್ ಸರಿ ಮಾಡೋದು ಕಷ್ಟ. ವೈಟ್ ಬ್ಯಾಲೆನ್ಸ್, ಐಎಸ್ಓ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್), ಎಕ್ಸ್‌ಪೋಷರ್ ಎಲ್ಲ ಮ್ಯಾನ್ಯುಯಲ್. ಸೆಕೆಂಡಿಗೆ 25 ಫ್ರೇಮ್, ಶಟರ್ ಸ್ಪೀಡ್ 1/50 ಸೆಕೆಂಡ್. ಕರೆಂಟ್ 50 ಹರ್ಟ್ಸ್ ಇರೋ ಕಡೆ ಟ್ಯೂಬ್‌ಲೈಟ್ ಮಿಣುಕೋದೂ ಇದ್ರಲ್ಲಿ ಸಾಮಾನ್ಯವಾಗಿ ಕಾಣಲ್ಲ.

ಗೋಡೆಗೆ ಅಂಟಿಸಿ ಕೂರಿಸ್ಬೇಡಿ, ಹಿಂದೆ ಎಷ್ಟು ಜಾಗ ಸಿಗತ್ತೋ ಅಷ್ಟು ಬಿಡಿ, ಆ ರೇಡಿಯೋಗಳ ಸಾಲು ಹಿಂದೆ ಸ್ವಲ್ಪ ಮಸುಕಾಗಿ ಬರ್ಲಿ. 50 ಎಂಎಂ ಹಾಕಿ ಅಪರ್ಚರ್ (ಲೆನ್ಸಿನ ಬೆಳಕಿನ ಕಿಂಡಿ) 1.8ಕ್ಕೆ ಓಪನ್ ಮಾಡಿದ್ರೆ ತುಂಬ ಚೆನ್ನಾಗಿ ಬರತ್ತೆ. ಪ್ರಶ್ನೆ ಕೇಳೋರು ಲೆನ್ಸಿಗೆ ಅಂಟಿಕೊಂಡಂಗೆ ಪಕ್ಕದಲ್ಲೇ, ತಾತನ ಕಣ್ಣಿನ ಎತ್ತರಕ್ಕೆ ಕೂರ್ಬೇಕು. ದೂರ ಕೂತ್ರೆ ಅವರ ಮುಖ ಅರ್ಧ ತಿರುಗಿ ಒಂದೇ ಕಣ್ಣು ಕಾಣತ್ತೆ.

ಇನ್ನೊಂದು, ಸುಮಾರು ಡಿಎಸ್‌ಎಲ್‌ಆರ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವಾಗೇ ರೆಕಾರ್ಡಿಂಗ್ ನಿಲ್ಲಿಸ್ತವೆ. ನಿಮ್ಮದೂ ಹಾಗೇನಾ ಮೊದಲೇ ಚೆಕ್ ಮಾಡಿ, ಒಳ್ಳೇ ಮಾತು ಮಧ್ಯೆ ಇರುವಾಗ ಕಟ್ ಆಗೋದು ಬೇಡ.

ಟೈಮ್‌ಲೈನ್

1.8 ಬೇಡ. ವಯಸ್ಸಾದವರು ಮಾತಾಡ್ತಾ ಮುಂದೆ ಬಾಗ್ತಾರೆ, ಹಿಂದೆ ಒರಗ್ತಾರೆ, ಅಷ್ಟು ಹತ್ರದಿಂದ 1.8ರಲ್ಲಿ ಇಷ್ಟೇ ಇಷ್ಟು ಸರಿದ್ರೂ ಕಣ್ಣಿನ ಫೋಕಸ್ ಹೋಗತ್ತೆ. ಕಿಂಡಿ ಚಿಕ್ಕದು ಮಾಡಿ ಎಫ್ 4 ಇಡಿ, ಬೆಳಕು ಸಾಲ್ದಿದ್ರೆ ಐಎಸ್ಓ ಏರಿಸಿ. ಸ್ವಲ್ಪ ಗ್ರೇನ್ ಇದ್ರೆ ಯಾರೂ ಬೇಜಾರ್ ಮಾಡ್ಕೊಳ್ಳಲ್ಲ, ಫೋಕಸ್ ಹೋದ ಶಾಟನ್ನ ಮಾತ್ರ ಏನೂ ಮಾಡೋಕಾಗಲ್ಲ.

ಕೇಳುಗಿ

ಮೇಲಿನವರೆಲ್ಲ ಹೇಳಿದ್ದು ಸರಿ. ನಾನು ಪ್ರಶ್ನೆ ಬಗ್ಗೆ ಹೇಳ್ತೀನಿ, ತುಂಬ ವರ್ಷ ಹಿರಿಯರ ನೆನಪುಗಳನ್ನ ರೆಕಾರ್ಡ್ ಮಾಡೋ ಕೆಲಸವೇ ಮಾಡಿದೀನಿ.

ತಾತ "ಹೂಂ" ಅಂತಿರೋದಕ್ಕೆ ಅರ್ಧ ಕಾರಣ ಕ್ಯಾಮೆರಾ, ಇನ್ನರ್ಧ ಪ್ರಶ್ನೆ ಇರ್ಬಹುದು. "ನಿಮಗೆ ಈ ಕೆಲಸ ಅಂದ್ರೆ ಇಷ್ಟಾನಾ?" ಅಂದ್ರೆ ಹೂಂ ಅಂತಾನೇ ಹೇಳ್ಬೇಕು, ಬೇರೆ ಏನ್ ಹೇಳ್ತಾರೆ ಪಾಪ. "ರೇಡಿಯೋ ಜೊತೆಗಿನ ನಿಮ್ಮ ಅನುಭವ ಹೇಳಿ" ಅನ್ನೋದೂ ಅಷ್ಟೇ, ಎಲ್ಲಿಂದ ಶುರು ಮಾಡ್ಬೇಕು ಅಂತ ಅವರಿಗೂ ಗೊತ್ತಾಗಲ್ಲ. ಅದರ ಬದ್ಲು ಒಂದು ಕೆಟ್ಟಿರೋ ಸೆಟ್ಟನ್ನ ಅವರ ಮುಂದೆ ಇಟ್ಟು, "ಯಾರೋ ಇದನ್ನ ತಂದು ಕೊಟ್ರು ಅಂದ್ಕೊಳ್ಳಿ, ನೀವು ಮೊದ್ಲು ಏನ್ ನೋಡ್ತಿದ್ರಿ?" ಅಂತ ಕೇಳಿ. ಆಗ ಕೈ ತಾನಾಗೇ ಹಿಂದಿನ ಮುಚ್ಚಳದ ಸ್ಕ್ರೂಗೆ ಹೋಗತ್ತೆ, ಕೈ ಹೋದಲ್ಲಿಗೆ ಮಾತೂ ಹೋಗತ್ತೆ. ಸುಟ್ಟ ವಾಸನೆ ಬಂದ್ರೆ ಯಾವ ಪಾರ್ಟು, ಗುಂಯ್ ಅಂತ ಕೂಗಿದ್ರೆ ಯಾವ ಕಂಡೆನ್ಸರ್ರು, ಗಿರಾಕಿ ಏನಂತ ದೂರು ಹೇಳ್ತಿದ್ರು, ಒಂದಕ್ಕೊಂದು ಎಳ್ಕೊಂಡು ಬರತ್ತೆ. ತಾನು ಬಲ್ಲ ಕೆಲಸದ ಬಗ್ಗೆ ಮಾತಾಡೋ ಮನುಷ್ಯನಿಗೆ ಕ್ಯಾಮೆರಾ ನೆನಪಿರಲ್ಲ. ಸೌಂಡ್ ನೋಡ್ಕೊಳ್ಳೋರಿಗೆ ಸಲಕರಣೆ ಟೇಬಲ್ ಮೇಲೆ ಇಡೋ ಸದ್ದು ತೊಂದರೆ ಅನ್ಸಿದ್ರೆ ಕೆಳಗೆ ದಪ್ಪ ಬಟ್ಟೆ ಹಾಸಿ, ಅವರ ಕೈ ಕಟ್ಟಿ ಮಾತ್ರ ಕೂರಿಸ್ಬೇಡಿ.

ಸುರಕ್ಷತೆಗೆ ಒಂದು ಮಾತು. ವಾಲ್ವ್ ಸೆಟ್ಟಿನ ಒಳಗೆ ಸಾಮಾನ್ಯವಾಗಿ 200 ವೋಲ್ಟ್ ಆಸುಪಾಸು ಡಿಸಿ ಇರತ್ತೆ, ಪ್ಲಗ್ ತೆಗೆದ ಮೇಲೂ ಕಂಡೆನ್ಸರಲ್ಲಿ ಚಾರ್ಜ್ ಉಳಿದಿರತ್ತೆ. ಕ್ಲೋಸಪ್ ತೆಗೆಯೋ ಹುಮ್ಮಸ್ಸಲ್ಲಿ ನೀವ್ಯಾರೂ ಒಳಗೆ ಕೈ ಹಾಕ್ಬೇಡಿ. ವರ್ಷಗಟ್ಲೆ ಆಫ್ ಇದ್ದ ಸೆಟ್ಟನ್ನ ತಾತ ಬೇಡ ಅಂದ್ರೆ ಆನ್ ಮಾಡಿ ಅಂತ ಒತ್ತಾಯಾನೂ ಮಾಡ್ಬೇಡಿ.

ಪ್ರಶ್ನೆ ಪೇಪರ್ ತೊಡೆ ಮೇಲೆ ಇಟ್ಕೊಂಡು ಓದ್ಬೇಡಿ. ಐದಾರು ವಿಷಯ ತಲೇಲಿ ಇರ್ಲಿ ಸಾಕು. ನೀವು ಓದ್ತಿದ್ರೆ ಅವರು ಪರೀಕ್ಷೆ ಅಂದ್ಕೊಂಡು ಉತ್ತರ ಕೊಡ್ತಾರೆ, ನೀವು ಅವರ ಮುಖ ನೋಡ್ತಿದ್ರೆ ಮಾತಾಡ್ತಾರೆ. ಮಧ್ಯೆ "ಹೌದಾ", "ಓಹೋ" ಅಂತ ಬಾಯಿಬಿಡ್ಬೇಡಿ, ಅದೆಲ್ಲ ಅವರ ಮಾತಿನ ಮೇಲೆ ರೆಕಾರ್ಡ್ ಆಗತ್ತೆ. ತಲೆ ಆಡಿಸಿ, ಕಣ್ಣಲ್ಲೇ ಕೇಳಿ. ಮತ್ತೆ ಅವರು ಒಂದು ವಾಕ್ಯ ಮುಗಿಸಿದ ತಕ್ಷಣ ಮುಂದಿನ ಪ್ರಶ್ನೆಗೆ ಹಾರ್ಬೇಡಿ. ಸುಮ್ನೆ ನೋಡ್ತಾ ಇರಿ. ಎಷ್ಟೋ ಸಲ ನಿಜವಾದ ಉತ್ತರ ಆ ಸುಮ್ನಿರೋ ಹೊತ್ತಿನ ನಂತರ ಬರೋದು.

ಈಗ ತಮ್ಮನ ವಿಷಯ. ಕೇಳ್ಬಹುದು, ಆದ್ರೆ ಕ್ಯಾಮೆರಾ ಮುಂದೆ ಮೊದಲ ಸಲ ಕೇಳೋ ಪ್ರಶ್ನೆ ಅದಾಗ್ಬಾರ್ದು. ಶೂಟಿಗೆ ಮುಂಚೆ, ಮೈಕ್ ಗೀಕ್ ಏನೂ ಇಲ್ದಾಗ ಹೋಗಿ ನೇರವಾಗಿ ಹೇಳಿ, "ತಾತ, ನಿಮ್ಮ ತಮ್ಮನ ಬಗ್ಗೆನೂ ಕೇಳೋಣ ಅಂತಿದೀವಿ, ನಿಮಗೆ ಬೇಡ ಅನ್ಸಿದ್ರೆ ಬಿಡ್ತೀವಿ" ಅಂತ. ಬೇಡ ಅಂದ್ರೆ ಅಲ್ಲಿಗೆ ಮುಗೀತು, ಫಿಲಂ ಬೇರೆ ದಾರಿ ಹುಡುಕ್ಕೊಳ್ಳತ್ತೆ. ಸರಿ ಅಂದ್ರೂ ಅದನ್ನ ಶುರುವಿಗೂ ಇಡ್ಬೇಡಿ, ಕೊನೆಗೂ ಇಡ್ಬೇಡಿ. ಕೆಲಸದ ಮಾತು ಚೆನ್ನಾಗಿ ಓಡಿದ ಮೇಲೆ, "ಈ ಟೇಬಲಲ್ಲಿ ಇಬ್ರೂ ಹೇಗೆ ಕೆಲಸ ಹಂಚ್ಕೊಳ್ತಿದ್ರಿ?" ಅಂತ ಕೇಳಿ ನೋಡಿ. "ತಮ್ಮ ಹೋದಾಗ ಹೇಗನ್ಸಿತು?" ಅನ್ನೋದು ಯಾವ ಕಾರಣಕ್ಕೂ ಬೇಡ. ಅಳು ಬಂದ್ರೆ ಝೂಮ್ ಮಾಡ್ಬೇಡಿ, ಫ್ರೇಮ್ ಹೇಗಿತ್ತೋ ಹಾಗೇ ಇರ್ಲಿ, "ನಿಲ್ಸೋಣ್ವಾ ತಾತ?" ಅಂತ ಕೇಳಿ, ನಿಲ್ಸಿ ಅಂದ್ರೆ ನಿಲ್ಸಿ. ಅದಾದ್ಮೇಲೆ ಇನ್ನೂ ಸ್ವಲ್ಪ ಹೊತ್ತು ಹಗುರವಾದ ಮಾತು ಆಡಿ ಮುಗಿಸಿ. ಅಳಿಸಿ ಸಾಮಾನು ಪ್ಯಾಕ್ ಮಾಡ್ಕೊಂಡು ಹೊರಡೋದು ದೊಡ್ಡ ತಪ್ಪು.

ಫೈನಲ್_ಇಯರ್

ಎಲ್ರಿಗೂ ತುಂಬ ಥ್ಯಾಂಕ್ಸ್. ಕೇಳುಗಿ ಮೇಡಂ, ನೀವು ಹೇಳಿದ ಟೇಬಲ್ ಪ್ರಶ್ನೆ ಹಾಗೇ ಬರ್ಕೊಂಡಿದೀನಿ.

ಇನ್ನೂ ಕೆಲವು ಡೌಟಿದೆ. ಒಂದು, ತಾತ ಲೆನ್ಸನ್ನೇ ನೋಡಿ ಮಾತಾಡಿದ್ರೆ ಚೆನ್ನಾಗಿರತ್ತೆ ಅಂತ ನಮ್ಮ ಟೀಮಲ್ಲಿ ಒಬ್ಬ ಹಟ ಹಿಡಿದಿದಾನೆ. ಎರಡು, ಅವರ ಮಗಳು ಯಾವಾಗ್ಲೂ ಜೊತೆಗೇ ಇರ್ತಾರೆ, ತಾತ ತಡವರಿಸಿದ್ರೆ ಅವರೇ ಉತ್ತರ ಹೇಳ್ಬಿಡ್ತಾರೆ, ಒಳ್ಳೇ ಮನಸ್ಸಿಂದಾನೇ, ಆದ್ರೆ ನಮಗೆ ತಾತನ ಬಾಯಲ್ಲಿ ಬೇಕು. ಮೂರು, ಹತ್ತು ನಿಮಿಷಕ್ಕೆ ಎಷ್ಟು ಶೂಟ್ ಮಾಡ್ಬೇಕು? ಮತ್ತೆ ಒಪ್ಪಿಗೆ ಪತ್ರಕ್ಕೆ ಸಹಿ ಮೊದ್ಲೇ ತಗೋಬೇಕಾ ಆಮೇಲಾ?

ಲೆನ್ಸ್‌ಕ್ಯಾಪ್

ಲೆನ್ಸ್ ನೋಡೋದು ಬೇಡ ಅಂತ ನನ್ನ ಅಭಿಪ್ರಾಯ. ಅಭ್ಯಾಸ ಇಲ್ದವರಿಗೆ ಗಾಜಿನ ತುಂಡಿನ ಜೊತೆ ಮಾತಾಡೋದು ಹಿಂಸೆ. ಎರೋಲ್ ಮಾರಿಸ್ ಅನ್ನೋ ಅಮೆರಿಕದ ಡಾಕ್ಯುಮೆಂಟರಿ ನಿರ್ದೇಶಕರು ಇದಕ್ಕೇ ಅಂತ ಇಂಟರಾಟ್ರಾನ್ ಅನ್ನೋ ವ್ಯವಸ್ಥೆ ಮಾಡ್ಕೊಂಡ್ರು, ಟೆಲಿಪ್ರಾಂಪ್ಟರ್ ಗಾಜಿನ ಮೇಲೆ ಪ್ರಶ್ನೆ ಕೇಳೋರ ಮುಖಾನೇ ಕಾಣತ್ತೆ, ಹಂಗಾಗಿ ಮಾತಾಡೋರು ಲೆನ್ಸ್ ನೋಡಿದ್ರೂ ಮನುಷ್ಯರನ್ನೇ ನೋಡ್ತಿರ್ತಾರೆ. ಅದಿಲ್ದೆ ತಾತನಿಗೆ "ಇಲ್ಲಿ ನೋಡಿ, ಇಲ್ಲಿ ನೋಡಿ" ಅಂತಿದ್ರೆ ಮತ್ತೆ ನೆಟ್ಟಗೆ ಕೂತ್ಬಿಡ್ತಾರೆ. 1.8 ವಿಷಯದಲ್ಲಿ ಟೈಮ್‌ಲೈನ್ ಹೇಳಿದ್ದು ಸರಿ, ಬಾಗಿ ಕೆಲಸ ಮಾಡೋರಿಗೆ ಎಫ್ 4 ಇಡಿ.

ಟೈಮ್‌ಲೈನ್

ಎಷ್ಟು ಶೂಟ್ ಮಾಡ್ಬೇಕು ಅನ್ನೋದಕ್ಕೆ ಲೆಕ್ಕ ಇಲ್ಲ, ಆದ್ರೆ ಮಾತು ಒಂದು ಗಂಟೆ ಒಂದೂವರೆ ಗಂಟೆ ದಾಟಿಸ್ಬೇಡಿ, ಆ ವಯಸ್ಸಿಗೆ ದಣಿವಾಗತ್ತೆ, ಮಧ್ಯೆ ನೀರು, ಬ್ರೇಕು ಕೊಡಿ. ಬೇಕಿದ್ರೆ ಇನ್ನೊಂದು ದಿನ ಹೋಗಿ.

ನನ್ನ ಕಡೆಯಿಂದ ಒಂದೇ ಬೇಡಿಕೆ, ಮುಖ ಬಿಟ್ಟು ಬೇರೆ ಶಾಟ್ ತುಂಬ ತಗೊಳ್ಳಿ. ಕಿಟಕಿ ಬೆಳಕಲ್ಲಿ ಧೂಳು ಕೂತ ಡಯಲು, ಅವರ ಬೆರಳು, ಸೀಸ ಕರಗಿ ಹೊಗೆ ಏಳೋದು, ಡಬ್ಬಿ ಮೇಲೆ ಅವರೇ ಬರ್ದಿರೋ ಚೀಟಿ, ಕನ್ನಡಕ ಹಣೆಗೆ ಏರಿಸೋದು. ಪ್ರತಿ ಶಾಟೂ ಕ್ಯಾಮೆರಾ ಅಲ್ಲಾಡಿಸ್ದೆ ಹತ್ತು ಸೆಕೆಂಡ್ ಹಿಡೀರಿ. ಒಂದು ಗಂಟೆ ಮಾತನ್ನ ಐದು ನಿಮಿಷಕ್ಕೆ ಇಳಿಸುವಾಗ ಪ್ರತಿ ಕಟ್ಟಲ್ಲೂ ತಾತನ ತಲೆ ಟಕ್ ಅಂತ ಜಿಗಿಯತ್ತೆ, ಅದನ್ನ ಮುಚ್ಚೋಕೆ ಇವೇ ಬೇಕು. ಕ್ಯಾಮೆರಾದಲ್ಲಿ 4ಕೆ ಇದ್ರೆ ಅದ್ರಲ್ಲೇ ಶೂಟ್ ಮಾಡಿ 1080ಪಿ ಟೈಮ್‌ಲೈನಲ್ಲಿ ಎಡಿಟ್ ಮಾಡಿ, ಎರಡು ಪಟ್ಟು ಹತ್ರ ತಂದ್ರೂ ಪಿಕ್ಚರ್ ಒಡೆಯಲ್ಲ, ಒಂದೇ ಕ್ಯಾಮೆರಾದಲ್ಲಿ ಎರಡು ಸೈಜ್ ಸಿಕ್ಕಂಗೆ. ಕಾರ್ಡ್ ಜಾಗ ನೋಡ್ಕೊಳ್ಳಿ, 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಅಂದ್ರೆ ಗಂಟೆಗೆ 45 ಜಿಬಿ. ಫೋನನ್ನ ಎರಡನೇ ಕ್ಯಾಮೆರಾ ಮಾಡಿದ್ರೆ ಹುಷಾರು, ತುಂಬ ಫೋನುಗಳಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರಲ್ಲ, ಬರ್ತಾ ಬರ್ತಾ ತುಟಿಗೂ ಮಾತಿಗೂ ತಪ್ಪತ್ತೆ, ಎಡಿಟಿಗೆ ಮುಂಚೆ ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರಲ್ಲಿ ಕಾನ್‌ಸ್ಟಂಟ್ ಫ್ರೇಮ್ ರೇಟಿಗೆ ಬದಲಾಯಿಸ್ಕೊಳ್ಳಿ. ಎರಡೂ ಕ್ಯಾಮೆರಾ ತಾತ ಮತ್ತೆ ಪ್ರಶ್ನೆ ಕೇಳೋರ ನಡುವಿನ ಗೆರೆಯ ಒಂದೇ ಕಡೆ ಇರ್ಬೇಕು.

ಕಾರ್ಡನ್ನ ಎರಡು ಕಡೆ ಕಾಪಿ ಆಗೋ ತನಕ ಫಾರ್ಮ್ಯಾಟ್ ಮಾಡ್ಬೇಡಿ. ಆಮೇಲೆ ಪೂರ್ತಿ ಮಾತನ್ನ ಟೈಮ್ ಸಮೇತ ಬರ್ದಿಳಿಸ್ಕೊಳ್ಳಿ, ಬೇಜಾರಿನ ಕೆಲಸ, ಆದ್ರೆ ಎಡಿಟ್ ಅರ್ಧ ಅಲ್ಲೇ ಆಗೋಗತ್ತೆ.

ಬೂಮ್‌ಪೋಲ್

ಟೈಮ್‌ಲೈನ್ ಹೇಳಿದ ಸೀಸ ಕರಗೋ ಶಾಟಿಗೆ ಆ ಕಾಲರ್ ಮೈಕನ್ನೇ ಟೇಬಲ್ ಹತ್ರ ಹಿಡಿದು ಆ ಚುಂಯ್ ಅನ್ನೋದನ್ನೂ ರೆಕಾರ್ಡ್ ಮಾಡಿ. ರೇಡಿಯೋದಲ್ಲಿ ಸಿನಿಮಾ ಹಾಡು ಬಂದ್ರೆ ಅದನ್ನ ಫಿಲಂನಲ್ಲಿ ಬಳಸ್ಬೇಡಿ, ಯೂಟ್ಯೂಬಿಗೆ ಹಾಕಿದಾಗ ಕಾಪಿರೈಟ್ ಕ್ಲೇಮ್ ಬರತ್ತೆ. ಎರಡು ಸ್ಟೇಷನ್ ಮಧ್ಯೆ ಬರೋ ಕೊರಕೊರ ಯಾರದ್ದೂ ಅಲ್ಲ.

ಕೇಳುಗಿ

ಮಗಳನ್ನ ಹೊರಗೆ ಕಳಿಸ್ಬೇಡಿ, ತಾತನಿಗೆ ಧೈರ್ಯ ಅವರೇ. ಅವರಿಗೇ ಬೇರೆಯಾಗಿ ಒಂದು ಹತ್ತು ನಿಮಿಷ ಇಂಟರ್ವ್ಯೂ ಇದೆ ಅಂತ ಮೊದ್ಲೇ ಹೇಳಿ, "ನಿಮ್ಮ ಮಾತು ಆಗ ಪೂರ್ತಿ ಕೇಳ್ತೀವಿ, ಈಗ ಅವರು ತಡ ಮಾಡಿದ್ರೂ ಪರವಾಗಿಲ್ಲ, ಕಾಯ್ತೀವಿ" ಅಂತ. ತಾತನ ಕಣ್ಣಿಗೆ ಬೀಳದ ಹಾಗೆ ಕ್ಯಾಮೆರಾ ಹಿಂದೆ ಕೂರಿಸಿ, ಇಲ್ದಿದ್ರೆ ಉತ್ತರಕ್ಕೆ ಅವರ ಮುಖ ನೋಡ್ತಾರೆ. ಮಗಳ ಕಣ್ಣಲ್ಲಿ ಅಪ್ಪ ಚಿಕ್ಕಪ್ಪ ಹೇಗಿದ್ರು ಅನ್ನೋದೂ ನಿಮಗೆ ಸಿಗತ್ತೆ, ತಾತ ತಮ್ಮನ ಬಗ್ಗೆ ಮಾತಾಡಲ್ಲ ಅಂದ್ರೆ ಆ ದಾರಿಯೂ ಇದೆ, ಆದ್ರೆ ಆಗ್ಲೂ ತಾತನ ಒಪ್ಪಿಗೆ ಕೇಳಿಯೇ.

ಒಪ್ಪಿಗೆ ಪತ್ರದ ಬಗ್ಗೆ ನಾನು ಮಾಡೋದು ಹೀಗೆ. ವಿವರಿಸೋದು ಮೊದಲು, ಸಹಿ ಆಮೇಲೆ. ಶೂಟಿಗೆ ಮುಂಚೆ ಫಾರ್ಮನ್ನ ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರ ಆಡುಭಾಷೇಲಿ, ಫಿಲಂ ಎಲ್ಲೆಲ್ಲಿ ತೋರಿಸ್ತೀರ, ಕಾಲೇಜಲ್ಲಿ ಮಾತ್ರಾನಾ, ಯೂಟ್ಯೂಬಿಗೂ ಹಾಕ್ತೀರಾ, ಫೆಸ್ಟಿವಲ್‌ಗೆ ಕಳಿಸ್ತೀರಾ ಎಲ್ಲ ಬಿಡಿಸಿ ಹೇಳಿ. ವಿದ್ಯಾರ್ಥಿಗಳು ಕಾಲೇಜಿಗೆ ಅಂತ ಹೇಳಿ ಆಮೇಲೆ ಇಂಟರ್‌ನೆಟ್ಟಿಗೆ ಹಾಕ್ಬಿಡ್ತಾರೆ, ಹಂಗೆ ಮಾಡ್ಬೇಡಿ. ಕ್ಯಾಮೆರಾ ಆನ್ ಆದ್ಮೇಲೆ ಹೆಸರು ಹೇಳಿಸಿ, ಒಪ್ಪಿಗೆ ಇದೆ ಅಂತ ಬಾಯಲ್ಲೂ ಹೇಳಿಸಿ. ಇಂಟರ್ವ್ಯೂ ಮುಗಿದ್ಮೇಲೆ, ತಾನು ಏನೇನ್ ಹೇಳಿದೆ ಅಂತ ಅವರಿಗೆ ಗೊತ್ತಿರುವಾಗ ಸಹಿ ತಗೊಳ್ಳಿ. "ಇದನ್ನ ಹಾಕ್ಬೇಡಿ" ಅಂತ ಏನಾದ್ರೂ ಅಂದ್ರೆ ಅವರ ಎದುರೇ ಬರ್ಕೊಳ್ಳಿ. ತಮ್ಮನ ಹಳೇ ಫೋಟೋ ಬಳಸೋದಾದ್ರೆ ಆ ತಮ್ಮನ ಮನೆಯವರನ್ನೂ ಒಂದು ಮಾತು ಕೇಳಿ, ತಾತನೇ ಫೋನ್ ಮಾಡಿ ಮಾತಾಡಿಸ್ತಾರೆ ಅನ್ಸತ್ತೆ. ಫಾರ್ಮಿನ ಒಂದು ಕಾಪಿ ಮಗಳ ಕೈಗೆ ಕೊಡಿ, ಎಡಿಟ್ ಆದ ಫಿಲಂನ ಸಬ್ಮಿಟ್ ಮಾಡೋಕೆ ಮುಂಚೆ ಅವರಿಬ್ರಿಗೂ ತೋರಿಸಿ, ಕಟ್ ಮಾಡದ ಪೂರ್ತಿ ರೆಕಾರ್ಡಿಂಗನ್ನೂ ಒಂದು ಪೆನ್‌ಡ್ರೈವಿಗೆ ಹಾಕಿ ಕೊಟ್ಬಿಡಿ.

ಫೈನಲ್_ಇಯರ್

ಆಯ್ತು ಮೇಡಂ. ಕ್ಯಾಮೆರಾ ಇಲ್ದೆ ಮೊದ್ಲು ಹೋಗಿ ತಮ್ಮನ ವಿಷಯ ಕೇಳ್ತೀವಿ, ಅದರ ಮೇಲೆ ಮುಂದಿನದು. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿ ಬರ್ದು ಇಲ್ಲೇ ಹಾಕ್ತೀನಿ, ಎಲ್ಲಾದ್ರೂ ಬಿಟ್ಟಿದ್ರೆ ಹೇಳಿ. ಬೂಮ್‌ಪೋಲ್ ಅಣ್ಣ, ನಮ್ಮ ಮೈಕಿನ ಪಿನ್ನಲ್ಲಿ ಮೂರು ಗೆರೆ ಇದೆ, ಸೋ ತಾತನ ಜೇಬಿಗೆ ಫೋನ್ ಹೋಗ್ತಿದೆ.